ಬೇಟೆಗೆ ಹೋಗುವಾಗ ದೊಡ್ಡ ರಿವಾಲ್ವರ್ ಎಲ್ಲಿರಬೇಕು? ಸೊಂಟಕ್ಕೋ, ಕಂಕುಳಿಗೋ, ಎದೆಗೋ?

ಅಮೆರಿಕದ ಮೊಂಟಾನಾ, ವಯೋಮಿಂಗ್, ಅಲಾಸ್ಕಾ ಕಡೆ ಸೆಪ್ಟೆಂಬರ್ ಬಂತೆಂದರೆ ಬೇಟೆಯ ಕಾಲ. ಹೆಗಲಿಗೆ ರೈಫಲ್, ಬೆನ್ನಿಗೆ ಬ್ಯಾಗು, ಎದೆಗೆ ದುರ್ಬೀನು. ಇಷ್ಟರ ಜೊತೆಗೆ ಅನೇಕರು ದೊಡ್ಡದೊಂದು ರಿವಾಲ್ವರನ್ನೂ ಇಟ್ಟುಕೊಳ್ಳುತ್ತಾರೆ. ಕೆಲವರಿಗೆ ಅದು ಕರಡಿ ಎದುರಾದರೆ ಇರಲಿ ಅಂತ. ಇನ್ನು ಕೆಲವರು ರೈಫಲ್ ಮನೆಯಲ್ಲೇ ಬಿಟ್ಟು, ರಿವಾಲ್ವರಿನಲ್ಲೇ ಜಿಂಕೆ, ಕಾಡುಹಂದಿ ಹೊಡೆಯುವವರು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಇಂಥ ಹವ್ಯಾಸಕ್ಕೆ ಜಾಗವಿಲ್ಲ. ಹಾಗಾಗಿ ಇದನ್ನು ಬರೆಯುತ್ತಿರುವುದು ಅಮೆರಿಕದಲ್ಲಿ ನೆಲೆಸಿ, ಲೈಸೆನ್ಸ್ ಪಡೆದು, ಅಲ್ಲಿನ ಗೆಳೆಯರ ಜೊತೆ ಕಾಡಿಗೆ ಹೋಗಲು ಶುರು ಮಾಡಿರುವ ಕನ್ನಡಿಗರಿಗಾಗಿ. ಹೊಸಬರು ಯಾವ ರಿವಾಲ್ವರ್ ಕೊಳ್ಳಬೇಕು ಅಂತ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅದನ್ನು ಮೈಮೇಲೆ ಎಲ್ಲಿಟ್ಟುಕೊಳ್ಳುವುದು ಅಂತ ಐದು ನಿಮಿಷವೂ ಯೋಚಿಸುವುದಿಲ್ಲ. ಹೊತ್ತುಕೊಳ್ಳಲು ಹಿಂಸೆಯಾದ ರಿವಾಲ್ವರ್ ಮಧ್ಯಾಹ್ನದ ಹೊತ್ತಿಗೆ ಬ್ಯಾಗಿನೊಳಗೆ ಸೇರುತ್ತದೆ. ಬ್ಯಾಗಿನೊಳಗಿರುವ ರಿವಾಲ್ವರ್ ಯಾರ ಉಪಯೋಗಕ್ಕೂ ಬರುವುದಿಲ್ಲ. ಆರಾಮವಾಗಿ ಹೊರುವುದು ಹೇಗೆ ಅನ್ನುವುದು ಸುರಕ್ಷತೆಯದೇ ಪ್ರಶ್ನೆ ಅಂತ ನಾನು ನಂಬುವುದು ಇದಕ್ಕೇ.

ಮೊದಲು ಕಾಗದಪತ್ರ ನೋಡಿ

ಎಚ್-1ಬಿ, ಎಫ್-1ರಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ಇದರ ಮೇಲೆ ಪ್ರತಿ ರಾಜ್ಯಕ್ಕೂ ಅದರದೇ ನಿಯಮ. ಕೋಟಿನ ಒಳಗೆ ಮುಚ್ಚಿಟ್ಟುಕೊಂಡರೆ ಕೆಲವು ಕಡೆ ಬೇರೆ ಪರವಾನಗಿ ಬೇಕು. ಬಿಲ್ಲುಬೇಟೆಯ ಋತುವಿನಲ್ಲಿ ರಿವಾಲ್ವರ್ ಒಯ್ಯುವ ಬಗ್ಗೆಯೂ ಒಂದೊಂದು ಕಡೆ ಒಂದೊಂದು ರೀತಿ. ಅನುಮಾನವಿದ್ದರೆ ವಕೀಲರನ್ನು ಕೇಳಿ, ಗೆಳೆಯರ ಮಾತು ನಂಬಿ ಕೂರಬೇಡಿ. ಕೆನಡಾದಲ್ಲಿ ಇರುವವರಂತೂ ಈ ಯೋಚನೆಯನ್ನೇ ಬಿಡಿ. ಅಲ್ಲಿ ಬೇಟೆಗೆ ರಿವಾಲ್ವರ್ ಬಳಸುವಂತಿಲ್ಲ. 2022ರ ಅಕ್ಟೋಬರಿನಿಂದ ಸಾಮಾನ್ಯ ಜನರಿಗೆ ಅದರ ಹೊಸ ಖರೀದಿಯೂ ನಿಂತಿದೆ.

ತೂಕ ಮತ್ತು ಉದ್ದ

1955ರ ಸುಮಾರಿಗೆ .44 ಮ್ಯಾಗ್ನಂ ತೋಟಾ ಬಂದ ಮೇಲೆ ರಿವಾಲ್ವರಿನಲ್ಲೂ ದೊಡ್ಡ ಪ್ರಾಣಿ ಹೊಡೆಯಬಹುದು ಅನ್ನುವುದು ಜನಪ್ರಿಯವಾಯಿತು. ಇದರ ಹಿಂದೆ ಇದ್ದವರು ಐಡಾಹೊ ರಾಜ್ಯದ ಸ್ಯಾಮನ್ ಊರಿನ ಬೇಟೆಗಾರ, ಬಂದೂಕು ಬರಹಗಾರ ಎಲ್ಮರ್ ಕೀತ್. ಅಲ್ಲಿಂದಾಚೆ ರಿವಾಲ್ವರುಗಳು ದಪ್ಪವಾಗುತ್ತಲೇ ಬಂದಿವೆ. ಏಳೂವರೆ ಇಂಚು ನಳಿಗೆಯ ರೂಗರ್ ಸೂಪರ್ ರೆಡ್‌ಹಾಕ್ ಖಾಲಿ ಇದ್ದಾಗಲೇ ಒಂದೂವರೆ ಕಿಲೋ. 2003ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ 500, ಉದ್ದ ನಳಿಗೆಯದಾದರೆ ಎರಡು ಕಿಲೋ ಮುಟ್ಟುತ್ತದೆ. ಅದಕ್ಕೆ ಹೋಲ್‌ಸ್ಟರ್ (ಮೈಗೆ ಕಟ್ಟಿಕೊಳ್ಳುವ ರಿವಾಲ್ವರ್ ಚೀಲ), ತೋಟಾ ಸೇರಿಸಿ. ಇಷ್ಟು ಭಾರವನ್ನು ದಿನವಿಡೀ ಬೆಟ್ಟ ಹತ್ತಿಸಬೇಕು.

ಭಾರಕ್ಕಿಂತ ಕಾಟ ಕೊಡುವುದು ಉದ್ದ. ನಾಲ್ಕು ಇಂಚಿನ ನಳಿಗೆ ಎಲ್ಲಿ ಬೇಕಾದರೂ ಕೂರುತ್ತದೆ. ಎಂಟು ಇಂಚಿನದು ಕೂತರೆ ಸೀಟಿಗೆ ಒತ್ತುತ್ತದೆ, ನಡೆದರೆ ತೊಡೆಗೆ ಬಡಿಯುತ್ತದೆ. ಮೇಲೆ ದೂರದರ್ಶಕವನ್ನೂ ಕೂರಿಸಿದ್ದರೆ ಸೊಂಟದ ಬಹುತೇಕ ಹೋಲ್‌ಸ್ಟರುಗಳು ಆಗುವುದೇ ಇಲ್ಲ.

ಮೈಮೇಲೆ ಇನ್ನೇನಿದೆ?

ಹೋಲ್‌ಸ್ಟರ್ ಕೊಳ್ಳುವ ಮೊದಲು ಉಳಿದ ಎಲ್ಲವನ್ನೂ ತೊಟ್ಟು ಕನ್ನಡಿ ಮುಂದೆ ನಿಲ್ಲಿ. ಕೋಟು, ಬ್ಯಾಗು, ಅದರ ಸೊಂಟಪಟ್ಟಿ, ದುರ್ಬೀನಿನ ಚೀಲ, ರೈಫಲ್ಲಿನ ಪಟ್ಟಿ, ಕರಡಿ ಸ್ಪ್ರೇ (ಕರಡಿಯನ್ನು ಓಡಿಸುವ ಖಾರದ ಸ್ಪ್ರೇ). ಎಲ್ಲಿ ಜಾಗ ಉಳಿದಿದೆಯೋ ಅಲ್ಲೇ ರಿವಾಲ್ವರ್ ಇರಬೇಕು. ಬಹಳ ಜನ ತಿರುಗುಮುರುಗು ಮಾಡುತ್ತಾರೆ. ಅಂಗಡಿಯಲ್ಲಿ ಟೀ ಶರ್ಟ್ ಮೇಲೆ ಚೆನ್ನಾಗಿ ಕಂಡ ಹೋಲ್‌ಸ್ಟರ್ ತರುತ್ತಾರೆ. ಅಕ್ಟೋಬರಿನ ಚಳಿಯಲ್ಲಿ ದಪ್ಪ ಕೋಟು ಹಾಕಿದಾಗ ಪಟ್ಟಿಯೇ ಸಾಲುವುದಿಲ್ಲ.

ಸೊಂಟ: ಬ್ಯಾಗ್ ಇಲ್ಲದವರಿಗೆ ಸರಿ. ಮರದ ಮೇಲಿನ ಅಟ್ಟಣೆಯಲ್ಲಿ ಕಾದು ಕೂರುವವರಿಗೆ, ಹೊಲದಂಚಿನಲ್ಲಿ ಸ್ವಲ್ಪ ದೂರ ನಡೆಯುವವರಿಗೆ ಇದಕ್ಕಿಂತ ಸುಲಭದ್ದು ಬೇರೆ ಬೇಡ. ಆದರೆ ಪ್ಯಾಂಟಿನ ಮಾಮೂಲಿ ಬೆಲ್ಟು ಸಾಲದು. ಒಂದೂವರೆ ಇಂಚು ಅಗಲದ, ಮಡಚದ ಗಟ್ಟಿ ಬೆಲ್ಟು ಬೇಕು. ಇಲ್ಲವಾದರೆ ಒಂದು ಪಕ್ಕಕ್ಕೆ ಜಗ್ಗಿ ಸಂಜೆಗೆ ನಡು ನೋಯುತ್ತದೆ. ಭಾರದ ಬ್ಯಾಗ್ ಹೊತ್ತರೆ ಮಾತ್ರ ಇದು ಕೆಡುತ್ತದೆ. ಬ್ಯಾಗಿನ ಸೊಂಟಪಟ್ಟಿಯೂ ರಿವಾಲ್ವರೂ ಒಂದೇ ಜಾಗಕ್ಕೆ ಜಗಳವಾಡುತ್ತವೆ.

ಎದುರು ಪಕ್ಕದ ಸೊಂಟ: ಬಲಗೈಯವರು ಎಡಸೊಂಟದಲ್ಲಿ, ಹಿಡಿ ಮುಂದಕ್ಕೆ ಇರುವಂತೆ ಕಟ್ಟುವ ರೀತಿ. ಕುದುರೆ ಮೇಲೆ ಹೋಗುವವರಿಗೆ, ಜೀಪಿನಲ್ಲಿ ಜಾಸ್ತಿ ಹೊತ್ತು ಕೂರುವವರಿಗೆ ಹಿತ. ತೊಂದರೆಯೆಂದರೆ, ತೆಗೆಯುವಾಗ ನಳಿಗೆಯ ಬಾಯಿ ಎಡಕ್ಕೆ ನಿಂತವರ ಕಡೆ ಹೊರಳಬಹುದು. ಜೊತೆಯವರು ಯಾವ ಪಕ್ಕ ನಡೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಕಂಕುಳು: ಕೋಟಿನೊಳಗೆ ಮಳೆ, ಹಿಮ ತಾಗದಂತೆ ಇರುತ್ತದೆ. ಉದ್ದ ನಳಿಗೆಗೂ ಆಗುತ್ತದೆ, ಬಾಯಿ ನೆಲ ನೋಡುವಂತೆ ನೇರವಾಗಿ ತೂಗುವ ಮಾದರಿ ತಗೊಂಡರೆ. ಆದರೆ ಬ್ಯಾಗಿನ ಹೆಗಲಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಸೇರಿ ಉಜ್ಜುತ್ತದೆ. ಕೋಟಿನ ಜಿಪ್ಪು ಎಳೆಯದೆ ಕೈಗೆ ಸಿಗುವುದೂ ಇಲ್ಲ.

ಎದೆ: ಅಲಾಸ್ಕಾದವರ ದಾರಿ

ಭಾರದ ಬ್ಯಾಗ್ ಹೊತ್ತು ಕರಡಿ ಇರುವ ಕಾಡಿಗೆ ಹೋಗುವವರಿಗೆ ನಾನು ಹೇಳುವುದು ಎದೆಯ ಹೋಲ್‌ಸ್ಟರ್. ಅಲಾಸ್ಕಾದ ಬೇಟೆ ಗೈಡುಗಳು, ಮೀನು ಹಿಡಿಯುವವರು ಇದನ್ನೇ ಬಳಸಿ ಬಳಸಿ ಪಳಗಿಸಿದ್ದಾರೆ. ಒಂದು ಪಟ್ಟಿ ಹೆಗಲ ಮೇಲಿಂದ, ಇನ್ನೊಂದು ಪಕ್ಕೆಲುಬಿನ ಸುತ್ತ. ರಿವಾಲ್ವರ್ ಎದೆಯ ಕೆಳಭಾಗದಲ್ಲಿ ಓರೆಯಾಗಿ ಮಲಗಿರುತ್ತದೆ, ಹಿಡಿ ಬಲಗೈಗೆ ಎದುರಾಗಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಟ್ಯಾಂಕ್ ಸೈನಿಕರೂ ಹೆಚ್ಚುಕಡಿಮೆ ಹೀಗೇ ಪಿಸ್ತೂಲು ಕಟ್ಟಿಕೊಳ್ಳುತ್ತಿದ್ದರು. ಇಕ್ಕಟ್ಟಿನಲ್ಲಿ ಕೂತವರಿಗೆ ಸೊಂಟಕ್ಕಿಂತ ಎದೆ ಹತ್ತಿರ ತಾನೆ?

ಇದರ ದೊಡ್ಡ ಗುಣ ಬ್ಯಾಗ್ ಇಳಿಸಿದಾಗ ಗೊತ್ತಾಗುತ್ತದೆ. ಹೋಲ್‌ಸ್ಟರನ್ನು ಮೊದಲು ಹಾಕಿ, ಅದರ ಮೇಲೆ ಬ್ಯಾಗ್ ಹೊರಬೇಕು. ಆಗ ಬ್ಯಾಗ್ ಇಳಿಸಿದರೂ ರಿವಾಲ್ವರ್ ಮೈಮೇಲೇ ಉಳಿಯುತ್ತದೆ. ಅಲಾಸ್ಕಾದ ಕೊಡಿಯಾಕ್ ದ್ವೀಪದಲ್ಲಿ ಜಿಂಕೆ ಹೊಡೆದವರು ಭಯಪಡುವುದು ಹೊಡೆಯುವ ಹೊತ್ತಿಗಲ್ಲ, ಮಾಂಸ ಬಿಡಿಸುವ ಹೊತ್ತಿಗೆ. ರಕ್ತದ ವಾಸನೆ ಹಿಡಿದು ಕಂದು ಕರಡಿ ಬರುತ್ತದೆ. ನಾವು ಬಗ್ಗಿರುತ್ತೇವೆ, ಕೈಯಲ್ಲಿ ಚಾಕು. ಬ್ಯಾಗು, ರೈಫಲ್ ಎರಡೂ ಮರಕ್ಕೆ ಒರಗಿರುತ್ತವೆ. ಕರಡಿ ಗಂಟೆಗೆ 50 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡಬಲ್ಲದು. ಹತ್ತು ಹೆಜ್ಜೆ ಆಚೆಗಿರುವ ಆಯುಧ ಆಗ ಇಲ್ಲದ ಲೆಕ್ಕ. ಬ್ಯಾಗಿನ ಸೊಂಟಪಟ್ಟಿಗೇ ಹೋಲ್‌ಸ್ಟರ್ ಸಿಕ್ಕಿಸುವುದನ್ನು ನಾನು ಬೇಡ ಅನ್ನುವುದು ಈ ಕಾರಣಕ್ಕೆ. ಹೊರಲು ಅದು ಸುಖ, ನಿಜ. ಆದರೆ ಬ್ಯಾಗಿನ ಜೊತೆಗೆ ಅದೂ ಹೋಗುತ್ತದೆ.

ಎದೆಗೆ ಹಾಕಿದರೂ ಮೂರ್ನಾಲ್ಕು ತಕರಾರು ಉಂಟು. ದುರ್ಬೀನಿನ ಚೀಲವೂ ಅಲ್ಲೇ ಇರುತ್ತದೆ. ಚೀಲವನ್ನು ಮೇಲಕ್ಕೆಳೆದು, ರಿವಾಲ್ವರನ್ನು ಅದರ ಕೆಳಗೆ ತನ್ನಿ. ಬ್ಯಾಗಿನ ಎದೆಪಟ್ಟಿ ಹಿಡಿಯ ಮೇಲೆ ಹಾಯಬಾರದು. ರೈಫಲ್ ಹೆಗಲಿಗೆ ಏರಿಸಿದಾಗ ಅದರ ಹಿಂಬದಿ, ಅಂದರೆ ಹೆಗಲಿಗೆ ಒತ್ತುವ ಭಾಗ, ರಿವಾಲ್ವರಿನ ಹಿಡಿಗೆ ತಾಗಬಾರದು. ತಾಗಿದರೆ ಗುರಿ ತಪ್ಪುತ್ತದೆ, ಇದನ್ನು ಕಾಡಿನಲ್ಲಿ ಕಂಡುಕೊಳ್ಳುವುದು ಬೇಡ. ತೆವಳಿಕೊಂಡು ಹೋಗಿ ಹೊಡೆಯುವವರಿಗೆ ಎದೆ ಆಗುವುದಿಲ್ಲ, ಅವರು ಸೊಂಟಕ್ಕೇ ಕಟ್ಟಲಿ. ಮೊಂಟಾನಾದಲ್ಲಿ ಬಂದೂಕು ಋತುವಿನ ದೊಡ್ಡ ಬೇಟೆಗೆ ಸೊಂಟದ ಮೇಲೆ ಕನಿಷ್ಠ 400 ಚದರ ಇಂಚು ಕಿತ್ತಳೆ ಬಣ್ಣ ಕಾಣಬೇಕು ಅನ್ನುವ ನಿಯಮವಿದೆ. ಹೋಲ್‌ಸ್ಟರ್, ಚೀಲ, ಬ್ಯಾಗು ಎಲ್ಲ ಸೇರಿ ಆ ಬಣ್ಣವನ್ನೇ ಮುಚ್ಚಿದರೆ ಬೇರೆ ಬೇಟೆಗಾರರಿಗೆ ನೀವು ಕಾಣುವುದಿಲ್ಲ. ಕಿತ್ತಳೆ ಟೋಪಿಯೂ ಇರಲಿ.

ಕರಡಿ ಸ್ಪ್ರೇಯನ್ನು ರಿವಾಲ್ವರ್ ಇದೆ ಅಂತ ಬಿಡಬೇಡಿ. ಮೊಂಟಾನಾದ ವನ್ಯಜೀವಿ ಇಲಾಖೆ ಬೇಟೆಗಾರರಿಗೂ ಸ್ಪ್ರೇ ಒಯ್ಯಿರಿ ಅನ್ನುತ್ತದೆ. ರಿವಾಲ್ವರ್ ಎದೆಯಲ್ಲಿದ್ದರೆ ಸ್ಪ್ರೇ ಎಡಸೊಂಟದಲ್ಲಿ, ಎಡಗೈಗೆ ಸಿಗುವಂತೆ ಇಡಿ. ಗಾಬರಿಯಲ್ಲಿ ಒಂದೇ ಕೈ ಎರಡಕ್ಕೂ ತಡಕಾಡಬಾರದು.

ಚರ್ಮವೋ, ಪ್ಲಾಸ್ಟಿಕ್ಕೋ?

ಚರ್ಮ ಮೈಗೆ ಹಿತ, ಪೊದೆಗೆ ತಾಗಿದರೆ ಸದ್ದಿಲ್ಲ. ನೀರು ಕುಡಿದರೆ ಒಣಗಲು ಹೊತ್ತು ಬೇಕು. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಮಳೆಗೆ ಹೆದರುವುದಿಲ್ಲ, ತೆಗೆಯಲು ಸಲೀಸು. ಆದರೆ ಕೊಂಬೆ ತಾಗಿದರೆ ಕರಕರ ಸದ್ದು, ಒಳಗೆ ಮರಳು ಸೇರಿದರೆ ಲೋಹಕ್ಕೆ ಗೀರು. ಎಲ್ಲಾ ಅಳತೆಗೂ ಆಗುತ್ತದೆ ಅಂತ ಮಾರುವ ಮೆತ್ತನೆಯ ನೈಲಾನ್ ಚೀಲಗಳು ನನಗೆ ಇಷ್ಟವಿಲ್ಲ. ಅವು ಯಾವುದಕ್ಕೂ ಸರಿಯಾಗಿ ಹಿಡಿತ ಕೊಡುವುದಿಲ್ಲ.

ಯಾವುದೇ ಆಗಲಿ, ಟ್ರಿಗರ್ ಪೂರ್ತಿ ಮುಚ್ಚಿರಲೇಬೇಕು. ಬಗ್ಗಿದರೂ ಬಿದ್ದರೂ ರಿವಾಲ್ವರ್ ಜಾರದಂತೆ ಪಟ್ಟಿ ಅಥವಾ ಬಿಗಿ ಹಿಡಿತ ಇರಬೇಕು. ಆ ಪಟ್ಟಿಯ ಗುಂಡಿಯನ್ನು ಕೈಗವಸು ಹಾಕಿಕೊಂಡೇ ಬಿಚ್ಚಿ ನೋಡಿ. ಹಳೆಯ ಸಿಂಗಲ್ ಆಕ್ಷನ್ ರಿವಾಲ್ವರ್ (ಪ್ರತಿ ಸಲ ಹೊಡೆಯುವ ಮುಂಚೆ ಸುತ್ತಿಗೆಯನ್ನು ಬೆರಳಿಂದ ಹಿಂದಕ್ಕೆ ಎಳೆಯಬೇಕಾದದ್ದು) ಇದ್ದವರಿಗೆ ಇನ್ನೊಂದು ಮಾತು. ರೂಗರ್ ಕಂಪನಿ 1973ರಲ್ಲಿ ತನ್ನ ಸಿಂಗಲ್ ಆಕ್ಷನ್ ಮಾದರಿಗಳಿಗೆ ಹೊಸ ಸುರಕ್ಷಾ ಏರ್ಪಾಡು ತಂದಿತು. ಅದಕ್ಕೂ ಹಿಂದಿನವು ಕೈಜಾರಿ ಬಿದ್ದರೆ ಸಿಡಿಯಬಹುದು. ಅವುಗಳಲ್ಲಿ ಐದೇ ತೋಟಾ ತುಂಬಿ, ಸುತ್ತಿಗೆಯ, ಅಂದರೆ ತೋಟಾ ಸಿಡಿಸಲು ಬಡಿಯುವ ಭಾಗದ, ಕೆಳಗಿನ ತೋಟಾ ಮನೆ ಖಾಲಿ ಬಿಡಬೇಕು.

ಮನೆಯಲ್ಲಿ ಒಂದು ಸಂಜೆ

ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ರಿವಾಲ್ವರ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಬೇಟೆಯ ದಿನ ಹಾಕುವ ಎಲ್ಲವನ್ನೂ ತೊಟ್ಟು, ಬ್ಯಾಗಿಗೆ ಹತ್ತು ಕಿಲೋ ಅಕ್ಕಿ ತುಂಬಿ, ಒಂದು ತಾಸು ಓಡಾಡಿ. ಮೆಟ್ಟಿಲು ಹತ್ತಿ ಇಳಿಯಿರಿ. ಕುಕ್ಕರುಗಾಲಲ್ಲಿ ಕೂರಿ. ಶೂ ಲೇಸು ಕಟ್ಟಿ. ಕಾರಿನೊಳಗೆ ಕೂತು ಸೀಟು ಬೆಲ್ಟು ಹಾಕಿ. ಬ್ಯಾಗ್ ಇಳಿಸಿ, ಮತ್ತೆ ಹೊರಿ. ಎಲ್ಲಿ ಒತ್ತುತ್ತದೆ, ಎಲ್ಲಿ ಉಜ್ಜುತ್ತದೆ ಅನ್ನುವುದು ಈ ಒಂದು ತಾಸಿನಲ್ಲೇ ಗೊತ್ತಾಗುತ್ತದೆ.

ಆಮೇಲೆ ನಿಧಾನವಾಗಿ ತೆಗೆಯುವ ಅಭ್ಯಾಸ. ನಳಿಗೆಯ ಬಾಯಿ ನಿಮ್ಮ ಎಡಗೈ ಮೇಲೆ, ತೊಡೆ ಮೇಲೆ ಹಾಯುತ್ತಿದೆಯಾ ನೋಡಿ. ಎಡಗೈಯನ್ನು ಎದೆಗೆ ಒತ್ತಿ ಹಿಂದಕ್ಕಿಟ್ಟುಕೊಳ್ಳುವುದು ರೂಢಿಯಾಗಲಿ. ಬೆರಳು ಟ್ರಿಗರಿನಿಂದ ಆಚೆಗೇ ಇರಲಿ. ಅಪಘಾತ ಜಾಸ್ತಿ ಆಗುವ ಒಂದು ಗಳಿಗೆ ಎಂದರೆ ವಾಪಸ್ ಇಡುವಾಗ. ಕೋಟಿನ ದಾರದ ಗುಂಡಿ, ಬಟ್ಟೆಯ ಚುಂಗು ಟ್ರಿಗರಿನ ಒಳಗೆ ಸಿಕ್ಕಿಕೊಂಡು ಸಿಡಿಯುವುದುಂಟು. ವಾಪಸ್ ಇಡಲು ಆತುರವೇ ಬೇಡ, ಹೋಲ್‌ಸ್ಟರಿನ ಬಾಯಿ ಕಣ್ಣಲ್ಲಿ ನೋಡಿ ಇಡಿ. ಇದೆಲ್ಲ ಕೈಗೆ ಹತ್ತಿದ ಮೇಲೆ ಶೂಟಿಂಗ್ ರೇಂಜಿಗೆ ಹೋಗಿ, ತರಬೇತುದಾರರ ಎದುರು ತೋಟಾ ತುಂಬಿ ಮಾಡಿ.

ಬೇಟೆಯ ದಿನಗಳಲ್ಲಿ ರಾತ್ರಿ ರಿವಾಲ್ವರನ್ನು ಹೋಲ್‌ಸ್ಟರಿನಿಂದ ಹೊರಗೆ ತೆಗೆದು ಒರೆಸಿಡಿ. ಒದ್ದೆ ಚರ್ಮದೊಳಗೆ ಬಿಟ್ಟರೆ ಬೆಳಿಗ್ಗೆಗೆ ತುಕ್ಕಿನ ಚುಕ್ಕೆ ಕಾಣಬಹುದು. ಚರ್ಮವನ್ನು ಒಲೆಯ ಹತ್ತಿರ ಒಣಗಿಸಬೇಡಿ, ಸೆಟೆದು ಬಿರುಕು ಬಿಡುತ್ತದೆ. ಗಾಳಿಯಲ್ಲಿ ತಾನಾಗಿ ಒಣಗಲಿ. ಹೊಸ ಚರ್ಮದ ಪಟ್ಟಿ ಮೊದಲ ಕೆಲವು ದಿನ ಸಡಿಲವಾಗುತ್ತದೆ, ಹೊರಡುವ ಮುಂಚೆ ಒಂದು ತೂತು ಬಿಗಿ ಮಾಡಿ. ಹೋಲ್‌ಸ್ಟರ್ ಹೊಲಿಸಲು ಕೊಡುವಾಗ ಮಾದರಿಯ ಹೆಸರು, ನಳಿಗೆಯ ಉದ್ದ, ನೀವು ಬಲಗೈಯವರೋ ಎಡಗೈಯವರೋ ಅನ್ನುವುದನ್ನು ಬರೆದು ಕೊಡಿ. ಎದೆಯ ಸುತ್ತಳತೆಯನ್ನು ಕೋಟಿನ ಮೇಲಿಂದಲೇ ತೆಗೆದು ಕೊಡಿ.