ಹೂರಣ ತುಂಬಿದ ಆಲೂ ಟಿಕ್ಕಿಯನ್ನು ಮನೆಯಲ್ಲಿ ಮಾಡುವ ಬಗೆ

ದೆಹಲಿ, ಲಖನೌ, ಕಾನ್ಪುರದಂತಹ ಊರುಗಳ ಚಾಟ್ ಅಂಗಡಿಗಳಲ್ಲಿ ಅಗಲವಾದ ಕಬ್ಬಿಣದ ತವಾದ ಮೇಲೆ ಬೇಯುವ ಆಲೂ ಟಿಕ್ಕಿಗಳ ಒಳಗೆ ಅನೇಕ ಕಡೆ ಮಸಾಲೆ ಹಾಕಿದ ಕಡಲೆಬೇಳೆಯ ಅಥವಾ ಹಸಿ ಬಟಾಣಿಯ ಹೂರಣವಿರುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೊರಟವರಿಗೆ ಸಾಮಾನ್ಯವಾಗಿ ಎದುರಾಗುವ ತೊಂದರೆಯೆಂದರೆ ಎಣ್ಣೆ ತಾಗಿದ ಕೂಡಲೇ ಟಿಕ್ಕಿ ಬಿರಿದು ಹೂರಣ ಹೊರಬರುವುದು, ಇಲ್ಲವೇ ತಳ ಹಿಡಿದು ಮಗುಚಲಾಗದಂತೆ ಮುದ್ದೆಯಾಗುವುದು. ಈ ಎರಡಕ್ಕೂ ಹೆಚ್ಚಿನ ಸಲ ಕಾರಣವಾಗುವುದು ಆಲೂಗಡ್ಡೆಯಲ್ಲಿ ಉಳಿದ ನೀರು. ಮಸಾಲೆಯನ್ನು ಅವರವರ ನಾಲಿಗೆಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ನೀರಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು.

ಸುಮಾರು 10 ಟಿಕ್ಕಿಗಳಿಗೆ 750 ಗ್ರಾಂ ಆಲೂಗಡ್ಡೆ ಸಾಕು. ಗಡ್ಡೆಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುವಂತಹ ಎಳೆಯ ಗಡ್ಡೆಯಲ್ಲಿ ನೀರಿನ ಅಂಶ ಹೆಚ್ಚು. ಮುಂಗಾರು ಬೆಳೆಯ ಕೊಯ್ಲಾದಾಗ ಹಾಸನದ ಕಡೆಯಿಂದ ಬರುವ ಹೊಸ ಗಡ್ಡೆ ಪಲ್ಯಕ್ಕೂ ಸಾಗುವಿಗೂ ಬಹಳ ಸೊಗಸಾದರೂ ಟಿಕ್ಕಿಗೆ ಅಷ್ಟಾಗಿ ಒಗ್ಗುವುದಿಲ್ಲ. ಸಿಪ್ಪೆ ಬಲಿತ, ಒತ್ತಿದರೆ ಗಟ್ಟಿಯಾಗಿರುವ, ಮೊಳಕೆಯೊಡೆಯದ ಹಳೆಯ ಗಡ್ಡೆಯನ್ನೇ ಆರಿಸಿಕೊಳ್ಳಬೇಕು. ಹಸಿ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡುವ ಅಭ್ಯಾಸವಿದ್ದರೆ ಅದನ್ನು ಬಿಡುವುದು ಒಳ್ಳೆಯದು. ತಣ್ಣನೆಯ ಜಾಗದಲ್ಲಿ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಮಾರ್ಪಡುವುದರಿಂದ ಟಿಕ್ಕಿ ಸಿಹಿಯಾಗುವುದಲ್ಲದೆ, ಒಳಗೆ ಬಿಸಿ ತಲುಪುವ ಮೊದಲೇ ಹೊರಗೆ ಕಪ್ಪಾಗುತ್ತದೆ.

ಗಡ್ಡೆಗಳನ್ನು ಹೆಚ್ಚದೆ, ಸಿಪ್ಪೆ ಸಹಿತ ಇಡಿಯಾಗಿಯೇ ಬೇಯಿಸಬೇಕು. ಹೆಚ್ಚಿದ ಹೋಳುಗಳು ನೀರು ಕುಡಿಯುತ್ತವೆ. ಕುಕ್ಕರಿನಲ್ಲಾದರೆ ಗಡ್ಡೆಗಳನ್ನು ನೀರಿಲ್ಲದ ಪಾತ್ರೆಯಲ್ಲಿ ಹಾಕಿ ಆವಿಯಲ್ಲೇ ಬೇಯಿಸುವುದು ಉತ್ತಮ. ಮಧ್ಯಮ ಗಾತ್ರದವುಗಳಿಗೆ ನಾಲ್ಕೈದು ಕೂಗು ಸಾಕಾಗುತ್ತದೆ. ಚಾಕು ಸಲೀಸಾಗಿ ಇಳಿಯಬೇಕು, ಆದರೆ ಗಡ್ಡೆ ಒಡೆದಿರಬಾರದು. ಬಿಸಿಯಿರುವಾಗಲೇ ಸಿಪ್ಪೆ ತೆಗೆದು, ತಟ್ಟೆಯಲ್ಲಿ ಹರಡಿ ಹಬೆ ಹೋಗಲು ಬಿಟ್ಟು, ಪೂರ್ತಿ ಆರಿದ ಮೇಲೆ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಬೇಕು. ಬೆಂದ ಆಲೂಗಡ್ಡೆಯ ಪಿಷ್ಟ ತಣ್ಣಗಾದಾಗ ಮತ್ತೆ ಗಟ್ಟಿಗೊಳ್ಳುವುದರಿಂದ, ಹೀಗೆ ತಣಿಸಿದ ಗಡ್ಡೆಯಲ್ಲಿ ಮಾಡಿದ ಟಿಕ್ಕಿ ತನ್ನ ಆಕಾರವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ನಂತರ ತುರಿಮಣೆಯಲ್ಲಿ ತುರಿದುಕೊಳ್ಳಿ. ಮಿಕ್ಸಿಯನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು, ಏಕೆಂದರೆ ಅದರ ರಭಸಕ್ಕೆ ಪಿಷ್ಟವೆಲ್ಲ ಹೊರಬಂದು ಮಿಶ್ರಣ ಗೋಂದಿನಂತೆ ಅಂಟಾಗುತ್ತದೆ.

ತುರಿಗೆ 3 ದೊಡ್ಡ ಚಮಚ ಅರಾರೂಟ್ ಅಥವಾ ಕಾರ್ನ್‌ಫ್ಲೋರ್, 1 ಚಿಕ್ಕ ಚಮಚ ಉಪ್ಪು ಸೇರಿಸಿ, ಹೆಚ್ಚು ನಾದದೆ ಹಗುರವಾಗಿ ಕೂಡಿಸಬೇಕು. ಮನೆಯಲ್ಲಿ ಇವೆರಡೂ ಇಲ್ಲದಿದ್ದರೆ ತೆಳು ಅವಲಕ್ಕಿಯನ್ನು ಒಣದಾಗಿಯೇ ಪುಡಿ ಮಾಡಿ ಹಾಕಬಹುದು. ಹಸಿ ಈರುಳ್ಳಿಯನ್ನು ಇದಕ್ಕೆ ಬೆರೆಸುವುದು ಬೇಡ. ಉಪ್ಪು ತಾಗಿದೊಡನೆ ಅದು ನೀರು ಬಿಟ್ಟು ಅಷ್ಟು ಹೊತ್ತಿನ ಶ್ರಮವನ್ನು ಕೆಡಿಸುತ್ತದೆ.

ಹೂರಣಕ್ಕೆ ಕಾಲು ಬಟ್ಟಲಿಗಿಂತ ತುಸು ಹೆಚ್ಚು, ಅಂದರೆ ಸುಮಾರು 70 ಗ್ರಾಂ ಕಡಲೆಬೇಳೆಯನ್ನು ಒಂದು ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಿ ಬೇಯಿಸಿಕೊಳ್ಳಬೇಕು. ಬೆರಳುಗಳ ನಡುವೆ ಒತ್ತಿದರೆ ಬೇಳೆ ನುರಿಯಬೇಕು, ಆದರೆ ಪಾತ್ರೆಯಲ್ಲಿ ಬಿಡಿಬಿಡಿಯಾಗಿ ಉಳಿದಿರಬೇಕು. ನೀರನ್ನು ಪೂರ್ತಿ ಬಸಿದು, ಎರಡು ಚಮಚ ಎಣ್ಣೆಯಲ್ಲಿ ಜೀರಿಗೆ, ಇಂಗು, ಸಣ್ಣಗೆ ಹೆಚ್ಚಿದ ಶುಂಠಿ ಮತ್ತು ಹಸಿಮೆಣಸಿನಕಾಯಿ, ಜಜ್ಜಿದ ಕೊತ್ತಂಬರಿ ಬೀಜ ಹಾಕಿ, ಬೇಳೆಯನ್ನೂ ಉಪ್ಪನ್ನೂ ಸೇರಿಸಿ ತೇವ ಆರುವವರೆಗೆ ಹುರಿಯಬೇಕು. ಒಲೆಯಿಂದ ಇಳಿಸಿದ ಮೇಲೆ ಅರ್ಧ ಚಮಚ ಆಮ್‌ಚೂರ್, ಅಂದರೆ ಒಣಗಿದ ಮಾವಿನಕಾಯಿಯ ಪುಡಿ, ಚಿಟಿಕೆ ಗರಂ ಮಸಾಲೆ ಮತ್ತು ಕೊತ್ತಂಬರಿ ಸೊಪ್ಪು ಬೆರೆಸಿ. ಹುಳಿಗೆ ನಿಂಬೆರಸ ಹಿಂಡುವವರೂ ಇದ್ದಾರೆ, ಆದರೆ ಹೂರಣ ಒಣದಾಗಿಯೇ ಉಳಿಯುವುದರಿಂದ ಆಮ್‌ಚೂರ್ ಹೆಚ್ಚು ಸೂಕ್ತ.

ಹೋಳಿಗೆ ಮಾಡಿ ಗೊತ್ತಿರುವ ಕೈಗೆ ಮುಂದಿನ ಹಂತ ಹೊಸದಲ್ಲ: ಕಣಕದಲ್ಲಿ ಹೂರಣವಿಟ್ಟು ಮುಚ್ಚುವ ಹಾಗೆಯೇ ಇಲ್ಲಿ ಆಲೂಗಡ್ಡೆಯ ಬಟ್ಟಲು ಮಾಡಿ ಒಂದು ದೊಡ್ಡ ಚಮಚ ಹೂರಣವನ್ನಿಟ್ಟು ಅಂಚುಗಳನ್ನು ಮೇಲಕ್ಕೆಳೆದು ಮುಚ್ಚಬೇಕು. ಅಂಗೈಗೆ ಎಣ್ಣೆ ಸವರಿಕೊಂಡಿರಬೇಕು. ಹೂರಣ ಎಲ್ಲಿಯೂ ಇಣುಕದಂತೆ ನೋಡಿಕೊಂಡು, ಮುಕ್ಕಾಲು ಅಂಗುಲ ದಪ್ಪಕ್ಕೆ ತಟ್ಟಿ, ಅಂಚಿನ ಬಿರುಕುಗಳನ್ನು ಬೆರಳಿನಿಂದ ತೀಡಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ದಪ್ಪ ತಳದ ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಮೂರು ನಾಲ್ಕು ದೊಡ್ಡ ಚಮಚ ಎಣ್ಣೆ ಅಥವಾ ತುಪ್ಪ ಹಾಕಿ, ಟಿಕ್ಕಿಗಳನ್ನು ಒಂದಕ್ಕೊಂದು ತಾಗದಂತೆ ಇರಿಸಿ ಉರಿಯನ್ನು ಮಧ್ಯಮಕ್ಕೆ ಇಳಿಸಬೇಕು. ಅತ್ತಿತ್ತ ಸರಿಸುವ ಆಸೆಯನ್ನು ಈ ಹೊತ್ತಿನಲ್ಲಿ ಖಂಡಿತ ತಡೆದುಕೊಳ್ಳಬೇಕು. ಆರೇಳು ನಿಮಿಷಗಳಲ್ಲಿ ತಳದಲ್ಲಿ ಗಟ್ಟಿ ಪದರ ಕಟ್ಟಿಕೊಂಡಾಗ ಟಿಕ್ಕಿ ತಾನಾಗಿಯೇ ಕಾವಲಿಯನ್ನು ಬಿಡುತ್ತದೆ. ಆಗ ಮಗುಚಿ ಇನ್ನೊಂದು ಬದಿಯನ್ನೂ ಹಾಗೆಯೇ ಬೇಯಿಸಿ. ಚಾಟ್ ಅಂಗಡಿಯವರು ಒಮ್ಮೆ ಬೆಂದ ಟಿಕ್ಕಿಗಳನ್ನು ತವಾದ ಅಂಚಿನ ಮಂದ ಶಾಖದಲ್ಲಿ ಬಹಳ ಹೊತ್ತು ಬಿಟ್ಟು, ಗಿರಾಕಿ ಕೇಳಿದಾಗ ನಡುವಿನ ಬಿಸಿಗೆ ಎಳೆದು ಒತ್ತಿ ಮತ್ತೊಮ್ಮೆ ಕರಿಯುತ್ತಾರೆ. ಅವರ ಟಿಕ್ಕಿಯ ಆ ದಪ್ಪನೆಯ ಗರಿಗರಿ ಬರುವುದು ಹೀಗೆ ನಿಧಾನವಾಗಿ ತೇವ ಆರುವುದರಿಂದ. ಮನೆಯಲ್ಲಿಯೂ ಮೊದಲು ಹೊಂಬಣ್ಣಕ್ಕೆ ಬೇಯಿಸಿ ಹತ್ತು ನಿಮಿಷ ತೆಗೆದಿಟ್ಟು, ಬಡಿಸುವ ಮುನ್ನ ಸ್ವಲ್ಪ ಒತ್ತಿ ಎರಡನೆಯ ಸಲ ಕೆಂಪಗೆ ಕಾಯಿಸಿದರೆ ಅಂತಹುದೇ ಫಲ ಸಿಗುತ್ತದೆ.

ಮೇಲೆ ಹಾಕಲು ಗಟ್ಟಿ ಮೊಸರು, ಪುದಿನ ಕೊತ್ತಂಬರಿಯ ಹಸಿರು ಚಟ್ನಿ, ಒಣಶುಂಠಿ ಬೆರೆಸಿದ ಹುಣಸೆ ಬೆಲ್ಲದ ಸಿಹಿ ಚಟ್ನಿ, ಹುರಿದ ಜೀರಿಗೆಯ ಪುಡಿ ಮತ್ತು ಕಪ್ಪು ಉಪ್ಪು ಇದ್ದರೆ ಸಾಕು. ಛೋಲೆಯ ಜೊತೆಗೂ ಬಡಿಸುವ ರೂಢಿಯಿದೆ. ಮೊಸರು, ಚಟ್ನಿಗಳನ್ನು ತಿನ್ನುವವರು ತಟ್ಟೆಯ ಮುಂದೆ ಕುಳಿತ ನಂತರವೇ ಹಾಕಬೇಕು. ತಟ್ಟಿಟ್ಟ ಹಸಿ ಟಿಕ್ಕಿಗಳು ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಫ್ರಿಜ್ಜಿನಲ್ಲಿ ಕೆಡದೆ ಉಳಿಯುತ್ತವೆ. ಬೇಯಿಸಿ ಉಳಿದವನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಮೆತ್ತಗಾಗುವುದರಿಂದ ಕಾವಲಿಯ ಮೇಲೆಯೇ ಸಣ್ಣ ಉರಿಯಲ್ಲಿ ಕಾಯಿಸಿಕೊಳ್ಳಿ.