ಒಂದು ಬಂಡೆ, ಎರಡು ವರ್ಷ, ಇಪ್ಪತ್ತು ನಿಮಿಷದ ಬಿಸಿಲು

ನಾನು ದಾವಣಗೆರೆಯವನು, ಮದುವೆ ಫೋಟೊ ತೆಗೆದು ಬದುಕುವವನು. ಎರಡು ವರ್ಷ ಚಿತ್ರದುರ್ಗದ ಹತ್ತಿರದ ಒಂದೇ ಬಂಡೆಯನ್ನು ಬೆಳಗಿನ ಬಿಸಿಲಲ್ಲಿ ಫೋಟೊ ತೆಗೆಯಲು ಹಿಂದೆ ಬಿದ್ದಿದ್ದೆ. "ಏನಪ್ಪಾ, ಬಂಡೆಗೂ ತಾಳಿ ಕಟ್ಟಿಸ್ತೀಯೇನು?" ಅಂತ ಕಲರ್ ಲ್ಯಾಬಿನಲ್ಲಿ ಕೂತವರೆಲ್ಲ ನಗುತ್ತಿದ್ದರು. ಈಗ ಆ ಫೋಟೊ ಅದೇ ಲ್ಯಾಬಿನ ಗೋಡೆ ಮೇಲಿದೆ.

ಮೊದಲ ವರ್ಷ ಪೂರ್ತಿ ದಂಡ. ಮೇ ತಿಂಗಳಲ್ಲಿ ಶುರು ಮಾಡಿದ್ದೆ. ಹೋಗಿಬರಲು ಹತ್ತಿರ ಹತ್ತಿರ 120 ಕಿ.ಮೀ., ಬೈಕಿಗೆ 300 ರೂಪಾಯಿ ಪೆಟ್ರೋಲ್. ನಾಲ್ಕಕ್ಕೇ ಎದ್ದು ಹೋದರೂ ಸಿಕ್ಕಿದ್ದು ಬೂದಿ ಬಣ್ಣದ ಕಲ್ಲು. ತಪ್ಪು ಸಾಮಾನಿನದು ಅಂದುಕೊಂಡು 9 ಸಾವಿರಕ್ಕೆ ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಸೆಟ್ ತಂದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಆಕಾಶಕ್ಕೆ ನೇರಳೆ ಛಾಯೆ. ಮಳೆಯಲ್ಲಿ ನೆಂದ ಬಂಡೆಗೆ ಪೋಲರೈಸರ್ ಫಿಲ್ಟರ್ ತಿರುಗಿಸಿದೆ, ಇದ್ದ ಹೊಳಪೂ ಹೋಯಿತು. ಅದರ ಕೆಲಸವೇ ಹೊಳಪು ತೆಗೆಯೋದು ಅಲ್ವಾ! ಸೆಟ್ಟನ್ನು ಅರ್ಧ ಬೆಲೆಗೆ ಮಾರಿದೆ.

ಬುದ್ಧಿ ಬಂದಿದ್ದು ಹಿತ್ತಲಿನ ಒರಳುಕಲ್ಲಿನಿಂದ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಸುಮ್ನೆ ಟಾರ್ಚ್ ಹಿಡಿದು ಅದರ ಸುತ್ತ ತಿರುಗಿದೆ. ಎದುರಿನಿಂದ ಬಿಟ್ಟರೆ ಕಲ್ಲು ಚಪ್ಪಟೆ. ಪಕ್ಕದಿಂದ ಸವರಿದ ಹಾಗೆ ಬಿಟ್ಟರೆ ಒಂದೊಂದು ಉಳಿ ಏಟೂ ಎದ್ದು ಕಾಣುತ್ತದೆ. ಆಮೇಲೆ ತಟ್ಟೆಯಲ್ಲಿದ್ದ ಜೋಳದ ರೊಟ್ಟಿಗೂ ಬಿಟ್ಟೆ. ಚಂದ್ರನ ಹಾಗೆ ಗುಳಿ ಗುಳಿ! ಊಟ ಆರಿತು ಅಂತ ಮನೆಯವಳಿಂದ ಬೈಸಿಕೊಂಡೆ.

ನನ್ನ ಬಂಡೆಯ ಮುಖ ದಕ್ಷಿಣಕ್ಕಿದೆ. ಜೂನ್‌ನಲ್ಲಿ ಸೂರ್ಯ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಬೆಳಗಿನ ಬಿಸಿಲೆಲ್ಲ ಅದರ ಬೆನ್ನಿಗೆ. ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಬರುತ್ತಾನೆ, ಆಗ ಬಿಸಿಲು ಮುಖವನ್ನು ಓರೆಯಾಗಿ ಸವರುತ್ತದೆ. ಇಷ್ಟು ತಿಳಿಯಲು ಮೂವತ್ತಕ್ಕೂ ಜಾಸ್ತಿ ಸಲ ಓಡಾಡಿದ್ದೆ.

ಎರಡನೇ ವರ್ಷ ಡಿಸೆಂಬರ್ ಕೊನೆ. 6.50ರ ಸುಮಾರಿಗೆ ಬಂಡೆ ಬೆಲ್ಲದ ಬಣ್ಣಕ್ಕೆ ತಿರುಗಿತು. ಹಿಂದಿನ ಗುಡ್ಡದ ಗಾಳಿ ಫ್ಯಾನುಗಳು ಬೆಳ್ಳಗೆ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್ (ಲೆನ್ಸಿನ ಕಿಂಡಿ) 11, ಒಂದು ಸ್ಟಾಪ್ ಅಂಡರ್, ಅಂದರೆ ಮೀಟರ್ ಹೇಳಿದ್ದರ ಅರ್ಧ ಬೆಳಕು. ಹಲವು ಫೋಟೊ ಬೆರೆಸುವ ಎಚ್‌ಡಿಆರ್ ಇಲ್ಲ, ಫಿಲ್ಟರ್ ಇಲ್ಲ. ಇಪ್ಪತ್ತು ನಿಮಿಷಕ್ಕೆ ಬಿಸಿಲು ಬಿಳುಪಾಯಿತು. ಹಿಂದಿನ ಸಂಜೆ ಏನು ನೋಡಿಕೊಂಡು ಹೊರಡುತ್ತೇನೆ, ಬಂಡೆ ಯಾವ ಊರಿನ ಹತ್ತಿರ, ಎರಡೂ ನನ್ನಲ್ಲೇ ಇರಲಿ.

ದೊಡ್ಡ ಪ್ರಿಂಟ್ ಒಂದು ಹೋಟೆಲಿಗೆ 6 ಸಾವಿರಕ್ಕೆ ಹೋಯಿತು. ಖರ್ಚು 15 ಸಾವಿರ ದಾಟಿರಬೇಕು. ಈಗ ಸೂಳೆಕೆರೆಯ ಸಂಜೆ ಬೆಳಕಿನ ಹಿಂದೆ ಬಿದ್ದಿದ್ದೇನೆ. ಮೂರು ಸಲ ಹೋದೆ, ಮೂರೂ ಸಲ ಮೋಡ.