ಭರತ ಇಳಿತ ನೋಡಿ ಹೊರಟ ಕಾಂಡ್ಲಾ ಸುತ್ತಾಟ

ಮಂಗಳೂರಿನಿಂದ ಹೊನ್ನಾವರಕ್ಕೆ ಹೆದ್ದಾರಿ 66ರಲ್ಲಿ ಸುಮಾರು 185 ಕಿಲೋಮೀಟರ್. ದಾರಿಯುದ್ದಕ್ಕೂ ಹೊಳೆಗಳೇ. ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಆಮೇಲೆ ಉದ್ಯಾವರ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರದಲ್ಲಿ ಪಂಚಗಂಗಾವಳಿ, ಕೊನೆಗೆ ಶರಾವತಿ. ಹೆಚ್ಚುಕಡಿಮೆ ಎಲ್ಲ ಸೇತುವೆಯ ಬದಿಯಲ್ಲೂ ದಟ್ಟ ಹಸಿರು ಪೊದೆ ಕಾಣುತ್ತದೆ. ಗಂಟೆಗೆ ಎಂಬತ್ತರಲ್ಲಿ ಹೋಗುವಾಗ ಅದು ಬರೀ ಹಸಿರು ಗೆರೆ. ಅದೇ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್. ಅದನ್ನು ಇಳಿದು ನೋಡಬೇಕು ಎಂದು ಚಿಕ್ಕಮ್ಮನನ್ನು ಕರೆದುಕೊಂಡು ಹೊರಟಿದ್ದೆ.

ಚಿಕ್ಕಮ್ಮನನ್ನೇ ಯಾಕೆ ಅಂದರೆ, ಅವರು ಹುಟ್ಟಿ ಬೆಳೆದದ್ದು ಹೆಮ್ಮಾಡಿ ಹತ್ತಿರದ ಹೊಳೆಬದಿಯಲ್ಲಿ. ಮದುವೆಯಾಗಿ ಮಂಗಳೂರಿಗೆ ಬಂದು ಮೂವತ್ತು ವರ್ಷ ದಾಟಿದರೂ ಬಾಯಿ ತೆರೆದರೆ ಕುಂದಾಪ್ರ ಕನ್ನಡವೇ. ಮೊಣಕಾಲು ನೋವು ಉಂಟು, ಆದರೆ ತಿರುಗಾಟ ಅಂದರೆ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಳ್ಳುವವರು. ಕಾಂಡ್ಲಾ ಪಾರ್ಕಿಗೆ ಟಿಕೆಟ್ ಉಂಟು ಅಂದಾಗ ಮಾತ್ರ ಅವರಿಗೆ ನಗು ತಡೆಯಲಿಲ್ಲ. "ಇದನ್ ಕಾಂಬುಕೂ ದುಡ್ಡ್ ಕೊಡ್ಕಾ ಮಗಾ?"

ಇಂಥ ಪ್ರವಾಸಕ್ಕೆ ಮೊದಲು ನೋಡಬೇಕಾದದ್ದು ಹೋಟೆಲ್ಲೂ ಅಲ್ಲ, ಗೂಗಲ್ ಮ್ಯಾಪೂ ಅಲ್ಲ. ಕಡಲ ನೀರು ಏರುವ ಭರತ ಎಷ್ಟು ಹೊತ್ತಿಗೆ, ಇಳಿಯುವ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಬೇಕು. ಒಂದೇ ಜಾಗ ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ತೇಲುವ ಹಸಿರು. ಮಧ್ಯಾಹ್ನ ನೋಡಿದರೆ ಬೇರು, ಕೆಸರು, ಏಡಿಗಳ ಊರು. ದೋಣಿಗೆ, ಕಯಾಕಿಗೆ ಭರತ ಬೇಕು. ನಡೆದು ನೋಡಲು ಇಳಿತ ಬೇಕು. ಇದನ್ನು ತಿಳಿಯದೆ ಭರತದ ಹೊತ್ತಿಗೆ ಹಲಗೆದಾರಿಯಲ್ಲಿ ನಡೆದವರು "ಎಂತದೂ ಇಲ್ಲ, ಸುಮ್ನೆ ಗಿಡ" ಎಂದು ಹೇಳಿ ವಾಪಸ್ ಬರುತ್ತಾರೆ. ಅವರದ್ದೂ ತಪ್ಪಲ್ಲ. ಆ ಹೊತ್ತಿಗೆ ಕಾಣುವುದೇ ಅಷ್ಟು.

ಲೆಕ್ಕ ಕಷ್ಟದ್ದಲ್ಲ. ಭರತದಿಂದ ಇಳಿತಕ್ಕೆ ಆರು ಗಂಟೆ ಮತ್ತು ಸ್ವಲ್ಪ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಕಡಿಮೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು 10 ಮೀಟರ್‌ವರೆಗೆ ಏರಿಳಿಯುತ್ತದಂತೆ. ನಮ್ಮಲ್ಲಿ ಒಂದು, ಒಂದೂವರೆ ಮೀಟರ್ ಅಷ್ಟೇ. ಅಷ್ಟರಲ್ಲೇ ಇಡೀ ಕಾಡಿನ ಚಹರೆ ಬದಲಾಗುತ್ತದೆ. ಇನ್ನೊಂದು ವಿಷಯ, ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಸಮ ಇರುವುದಿಲ್ಲ. ಹಾಗಾಗಿ ಭರತ ಇಳಿತದ ಪಟ್ಟಿಯಲ್ಲಿ ಗಂಟೆ ಮಾತ್ರ ನೋಡಿದರೆ ಸಾಲದು, ಪಕ್ಕದಲ್ಲಿರುವ ಮೀಟರ್ ಲೆಕ್ಕವನ್ನೂ ನೋಡಿ. ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಈ ಪಟ್ಟಿಯನ್ನು ಆನ್‌ಲೈನಿನಲ್ಲಿ ಕೊಡುತ್ತದೆ, ಮೊಬೈಲ್ ಆ್ಯಪ್‌ಗಳೂ ಇವೆ. ಅಲ್ಲಿ ಸಿಗುವುದು ಬಂದರಿನ ಸಮಯ. ಹೊಳೆಯೊಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ಚಿಕ್ಕಮ್ಮನಿಗೆ ಆ್ಯಪ್ ಬೇಕಾಗಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಬೆರಳು ಮಡಚಿ, ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಭರತ ಅಂದರು. ಆ್ಯಪ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಹುಣ್ಣಿಮೆಗೆ ಮೂರ್ನಾಲ್ಕು ದಿನ ಇರುವಾಗ ಹೊರಟೆವು. ಹಾಗಾಗಿ ಯೋಜನೆ ತಾನಾಗಿಯೇ ಆಯಿತು. ಬೆಳಿಗ್ಗೆ ಭರತಕ್ಕೆ ಸಾಲಿಗ್ರಾಮದಲ್ಲಿ ಕಯಾಕ್. ಮಧ್ಯಾಹ್ನ ಇಳಿತಕ್ಕೆ ಹಿಂದೆ ಬಂದು ಕೆಮ್ಮಣ್ಣು. ರಾತ್ರಿ ಕುಂದಾಪುರ. ಮರುದಿನ ಮಧ್ಯಾಹ್ನದ ಇಳಿತಕ್ಕೆ ಹೊನ್ನಾವರದ ಹಲಗೆದಾರಿ. ಮುಂದೆ ಹೋಗಿ ಹಿಂದೆ ಬರುವುದು ಯಾಕೆ ಅಂತ ನಮ್ಮ ಮನೆಯಲ್ಲಿ ಕೇಳಿದರು. ಸಾಸ್ತಾನದ ಟೋಲ್ ದಾಟಿ ಮತ್ತೆ ದಾಟಬೇಕು, ನಿಜ. ಆದರೆ ನೀರು ನಮಗಾಗಿ ಕಾಯುವುದಿಲ್ಲ ಅಲ್ವಾ.

ಮಂಗಳೂರು ಬಿಡುವಾಗ ಇನ್ನೂ ಕತ್ತಲೆ. ಹೆಜಮಾಡಿ ಟೋಲ್ ದಾಟುವಾಗ ಬೆಳಕು ಹರಿಯಿತು. ಹೆದ್ದಾರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಾಲ್ಕು ಪಥ, ಮಧ್ಯೆ ಡಿವೈಡರ್, ಯೂ ಟರ್ನ್ ತಪ್ಪಿದರೆ ಸುಮಾರು ದೂರ ಹೋಗಿ ತಿರುಗಬೇಕು. ಸಾಲಿಗ್ರಾಮದಲ್ಲಿ ಎಡಕ್ಕೆ ತಿರುಗುವಲ್ಲಿ ನಿಧಾನ ಮಾಡಿ, ಅಷ್ಟೇ.

ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಸೀತಾ ನದಿಯ ಹಿನ್ನೀರು ಕಾಂಡ್ಲಾ ನಡುವೆ ಕವಲು ಕವಲಾಗಿ ನುಗ್ಗುತ್ತದೆ. ಇಬ್ಬರು ಕೂರುವ ಕಯಾಕ್ ಸಿಗುತ್ತದೆ, ಲೈಫ್ ಜಾಕೆಟ್ ಕಡ್ಡಾಯ. ಸೀರೆ ಬೇಡ ಅಂತ ಮೊದಲೇ ಹೇಳಿದ್ದಕ್ಕೆ ಚಿಕ್ಕಮ್ಮ ಚೂಡಿದಾರ್ ಹಾಕಿದ್ದರು. ಮೊಣಕಾಲು ನೋವಿನವರಿಗೆ ಕಷ್ಟ ಆಗುವುದು ಹತ್ತುವಾಗ, ಇಳಿಯುವಾಗ ಮಾತ್ರ. ಕೂತ ಮೇಲೆ ಕಾಲು ಚಾಚಿಕೊಂಡೇ ಇರಬಹುದು. ಅಲ್ಲಿನ ಹುಡುಗರಿಗೆ ಮೊದಲೇ ಹೇಳಿದರೆ ಕಯಾಕನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನಾನು ಹುಟ್ಟು ಹಾಕಲು ಹೋಗಿ ಎರಡು ಸಲ ಪೊದೆಗೆ ನುಗ್ಗಿಸಿದ ಮೇಲೆ ಚಿಕ್ಕಮ್ಮ, "ನಿಂಗ್ ಗೊತ್ತಾತಿಲ್ಲ, ಸುಮ್ನೆ ಕೂಕೊ" ಎಂದು ತಾವೇ ಶುರು ಮಾಡಿದರು. ಆಮೇಲೆ ಸಲೀಸು. ಶಾಲೆಗೆ ದೋಣಿಯಲ್ಲೇ ಹೋಗಿ ಬಂದವರಿಗೆ ಇದೆಲ್ಲ ಯಾವ ಲೆಕ್ಕ.

ಭರತದ ಹೊತ್ತಿಗೆ ಕಯಾಕಿನಲ್ಲಿ ಹೋಗುವ ಲಾಭ ಎಂದರೆ ಕೊಂಬೆಗಳ ಅಡಿಯವರೆಗೆ ಹೋಗಬಹುದು. ಎಲೆ ಕಣ್ಣಿನ ಮಟ್ಟಕ್ಕೆ ಇರುತ್ತದೆ. ಅಲ್ಲಿ ಚಿಕ್ಕಮ್ಮ ಒಂದು ಗಿಡದ ಹತ್ತಿರ ನಿಲ್ಲಿಸಿ, ಎಲೆಯ ಅಡಿ ನೆಕ್ಕಿ ನೋಡು ಅಂದರು. ಉಪ್ಪು! ಬೆಳ್ಳಗೆ ಸಣ್ಣ ಹರಳುಗಳು ಕೈಗೂ ಅಂಟಿದವು. ಇದು ಉಪ್ಪಟಿ ಮರ. ಬೇರಿನಲ್ಲಿ ಬಂದ ಉಪ್ಪನ್ನು ಎಲೆಯ ಗ್ರಂಥಿಗಳ ಮೂಲಕ ಹೊರಗೆ ಹಾಕುತ್ತದೆ. ಪಕ್ಕದಲ್ಲೇ ಇದ್ದ, ಇದೇ ಕಾಡಿನ ಇನ್ನೊಂದು ಜಾತಿಯಾದ ಕಾಂಡ್ಲಾ ಮರದ ಎಲೆ ನೆಕ್ಕಿದರೆ ಹಾಗೇನೂ ಇಲ್ಲ. ಅದು ಹೆಚ್ಚಿನ ಉಪ್ಪನ್ನು ಬೇರಿನಲ್ಲೇ ತಡೆದುಬಿಡುತ್ತದೆ. ಒಂದೇ ನೀರಿನಲ್ಲಿ ನಿಂತ ಎರಡು ಮರಕ್ಕೆ ಎರಡು ಉಪಾಯ. ಆದರೆ ಗೊತ್ತಿಲ್ಲದ ಗಿಡವನ್ನು ನೆಕ್ಕಲು ಹೋಗಬೇಡಿ. ಇದೇ ಕಾಡಿನಲ್ಲಿ ಬಿಳಿ ಹಾಲು ಸುರಿಸುವ ಒಂದು ಮರವೂ ಇರುತ್ತದೆ. ಅದರ ಹಾಲು ಮೈಗೆ ತಾಗಿದರೆ ಬೊಕ್ಕೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಗೊತ್ತಿದ್ದವರು ಜೊತೆಗಿದ್ದರೆ ಮಾತ್ರ ಈ ಪ್ರಯೋಗ.

ಬನ್ಸ್, ಚಾ ಮುಗಿಸಿ ದಕ್ಷಿಣಕ್ಕೆ ತಿರುಗಿದೆವು. ಮಲ್ಪೆ ದಾರಿಯಿಂದ ಹೂಡೆ, ಕೆಮ್ಮಣ್ಣು ಕಡೆ ಹೋಗುವ ರಸ್ತೆ ನನಗೆ ಇಡೀ ಕರಾವಳಿಯಲ್ಲೇ ಇಷ್ಟ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಎಂದು ಎಲ್ಲರೂ ಫೋಟೋ ತೆಗೆಯುತ್ತಾರೆ. ಈ ರಸ್ತೆಯ ತುದಿಯ ಕೋಡಿಬೆಂಗ್ರೆಯೂ ಹಾಗೆಯೇ, ಆದರೆ ಇಲ್ಲಿ ಲಾರಿಗಳ ಅಬ್ಬರ ಇಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ಮಧ್ಯೆ ತೆಂಗಿನ ತೋಟ, ಮನೆ, ಒಣಗಲು ಹಾಕಿದ ಮೀನು. ರಸ್ತೆ ಸಪೂರ. ದೊಡ್ಡ ಕಾರಿನವರು ಎದುರಿನಿಂದ ಬಸ್ ಬಂದರೆ ಯಾರದ್ದಾದರೂ ಅಂಗಳಕ್ಕೆ ಹೋಗಬೇಕಾಗುತ್ತದೆ.

ಕೆಮ್ಮಣ್ಣಿನಲ್ಲಿ ತಿಮ್ಮಣ್ಣಕುದ್ರು ಎಂಬ ನಡುಗಡ್ಡೆಗೆ ಹೋಗುವ ತೂಗುಸೇತುವೆ ಉಂಟು. ಕೆಳಗೆ ಸ್ವರ್ಣಾ. ನಾವು ಹೋದದ್ದು ಎರಡೂವರೆ ಹೊತ್ತಿಗೆ, ನೀರು ಪೂರ್ತಿ ಇಳಿದಿತ್ತು. ದಡದಲ್ಲಿ ಉಪ್ಪಟಿಯ ಬೇರುಗಳು ಗೇಣುದ್ದ ಕೆಸರಿನಿಂದ ಮೇಲಕ್ಕೆ ನೆಟ್ಟಗೆ ನಿಂತಿದ್ದವು, ಕಾಲಿಡಲೂ ಜಾಗ ಇಲ್ಲದಷ್ಟು. ಕೆಸರಿನೊಳಗೆ ಗಾಳಿ ಇಲ್ಲ, ಅದಕ್ಕೆ ಉಸಿರಾಡಲು ಬೇರೇ ಮೇಲೆ ಬರುತ್ತದೆ. ಆ ಕೊಳೆತ ಮೊಟ್ಟೆಯ ವಾಸನೆ ಬರುವುದೂ ಗಾಳಿ ಇಲ್ಲದ್ದರಿಂದಲೇ. ಎಲೆ ಕೊಳೆಯುವಾಗ ಬ್ಯಾಕ್ಟೀರಿಯಾ ಬಿಡುವ ಅನಿಲ ಅದು. ಕೊಳಚೆ ಎಂದುಕೊಂಡು ಮೂಗು ಮುಚ್ಚಬೇಕಿಲ್ಲ.

ಇಲ್ಲಿ ನಾನು ಕಲಿತದ್ದು ಸುಮ್ಮನೆ ನಿಲ್ಲುವುದನ್ನು. ನಾವು ದಡಕ್ಕೆ ಹೋದ ಕೂಡಲೇ ಏಡಿಗಳೆಲ್ಲ ಬಿಲಕ್ಕೆ ಹೋದವು. ನಾನು ಇನ್ನೇನು ಹೊರಡುವವನಿದ್ದೆ. ಚಿಕ್ಕಮ್ಮ ಕೈ ಹಿಡಿದು ನಿಲ್ಲಿಸಿದರು. "ತಡಿ, ಈಗ ಬತ್ತ್." ಎರಡು ನಿಮಿಷವೂ ಆಗಿಲ್ಲ, ಒಂದು ಬಿಲದ ಬಾಯಲ್ಲಿ ಎರಡು ಕಣ್ಣು. ಆಮೇಲೆ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಾ ಇಡೀ ಕೆಸರು ಅಲುಗಾಡತೊಡಗಿತು. ಗಂಡು ಏಡಿಗೆ ಒಂದು ಕೊಂಡಿ ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ. ತಿನ್ನಲು ಆ ಕೊಂಡಿ ಪ್ರಯೋಜನಕ್ಕಿಲ್ಲ, ಸಣ್ಣ ಕೊಂಡಿಯಲ್ಲೇ ಕೆಸರು ಕೆದಕಿ ಬಾಯಿಗೆ ಹಾಕಿಕೊಳ್ಳಬೇಕು. ಹೆಣ್ಣಿಗೆ ಎರಡೂ ಸಣ್ಣವೇ, ಎರಡು ಕೈಯಲ್ಲೂ ಊಟ. ಇದನ್ನು ನೋಡಿ ಚಿಕ್ಕಮ್ಮ ಹೇಳಿದ ಮಾತನ್ನು ಇಲ್ಲಿ ಬರೆದರೆ ಚಿಕ್ಕಪ್ಪನಿಗೆ ಬೇಸರ ಆದೀತು.

ಹೊಳೆಯ ಮಧ್ಯೆ ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ, ಅಂದರೆ ಚಿಪ್ಪುಮೀನು ತೆಗೆಯುವವರಿದ್ದರು. ಚಿಕ್ಕಮ್ಮ ದಡಕ್ಕೆ ಬಂದವರೊಡನೆ ಚೌಕಾಸಿ ಮಾಡಿ ಒಂದು ಚೀಲ ಕೊಂಡರು. ಕಾರಿನಲ್ಲಿ ತರುವವರಿಗೆ ಒಂದು ಮಾತು: ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒದ್ದೆ ಗೋಣಿ ಸಾಕು. ಮನೆಗೆ ಹೋಗಿ ಉಪ್ಪು ನೀರಿನಲ್ಲಿ ಹಾಕಿಟ್ಟರೆ ಒಳಗಿನ ಹೊಯಿಗೆ (ಮರಳು) ಬಿಡುತ್ತದೆ. ರಾತ್ರಿ ಕುಂದಾಪುರದ ನೆಂಟರ ಮನೆಯಲ್ಲಿ ಅದರ ಸುಕ್ಕ, ನೀರುದೋಸೆ. ಬೆಳಿಗ್ಗೆ ಎದ್ದದ್ದು ತಡವಾಗಿ.

ಮರುದಿನ ಮಧ್ಯಾಹ್ನದವರೆಗೆ ಹೊತ್ತಿತ್ತು. ಪಂಚಗಂಗಾವಳಿ ಬದಿಯಲ್ಲಿ ಚಿಕ್ಕಮ್ಮನ ಹಳೆಯ ಜಾಗಗಳನ್ನು ನೋಡಿದೆವು. ಅವರ ಅಪ್ಪ ಕಾಂಡ್ಲಾದ ಚಕ್ಕೆ ಬೇಯಿಸಿ, ಆ ಕೆಂಪು ನೀರಿನಲ್ಲಿ ಹತ್ತಿ ನೂಲಿನ ಬಲೆ ಅದ್ದುತ್ತಿದ್ದರಂತೆ. ಚಕ್ಕೆಯ ಒಗರಿನಿಂದ ಬಲೆ ಬೇಗ ಕೊಳೆಯುವುದಿಲ್ಲ. ನೈಲಾನ್ ಬಂದ ಮೇಲೆ ಆ ಕೆಲಸ ನಿಂತಿತು. ಸೊಪ್ಪನ್ನು ದನಕ್ಕೆ ಹಾಕುತ್ತಿದ್ದರು, ಗದ್ದೆಗೂ ಹಾಕುತ್ತಿದ್ದರು. ಪಾರ್ಕಿನ ಬೋರ್ಡಿನಲ್ಲಿ ಕಾಂಡ್ಲಾ ಎಂದರೆ ಕಡಲಕೊರೆತ ತಡೆಯುತ್ತದೆ, ಮೀನು ಮರಿ ಮಾಡುವ ಜಾಗ ಎಂದು ಇರುತ್ತದೆ. ಅದು ಸರಿಯೇ. ಆದರೆ ಕಾಂಡ್ಲಾ ಮನೆಬಳಕೆಯ ಮರವೂ ಆಗಿತ್ತು ಎಂಬುದನ್ನು ನನಗೆ ಯಾವ ಬೋರ್ಡೂ ಹೇಳಿರಲಿಲ್ಲ. ಒಬ್ಬರೇ ಹೋಗಬೇಡಿ, ಹೊಳೆಬದಿಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಎಂದು ನಾನು ಹೇಳುವುದು ಇದಕ್ಕೇ.

ಶಿರೂರು ಟೋಲ್, ಭಟ್ಕಳ ದಾಟಿ ಹೊನ್ನಾವರ. ಶರಾವತಿ ಸೇತುವೆಗೆ ಮೊದಲು ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯ ಕಾಂಡ್ಲಾ ನಡಿಗೆದಾರಿ ಇದೆ. ಕೆಸರಿನ ಮೇಲೆ ಎತ್ತರಕ್ಕೆ ಕಟ್ಟಿದ ಹಲಗೆದಾರಿ, ಬದಿಗೆ ಹಿಡಿಗಂಬ. ಮೊಣಕಾಲಿನವರಿಗೆ ಇದಕ್ಕಿಂತ ಸುಲಭ ಇಲ್ಲ. ಟಿಕೆಟ್ ದುಡ್ಡು ಕೊಡುವಾಗ ಚಿಕ್ಕಮ್ಮ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಒಳಗೆ ಕಾಂಡ್ಲಾ ಮರಗಳು ಆಳೆತ್ತರದ ಕಾಲುಬೇರು ಊರಿಕೊಂಡು ಎರಡೂ ಬದಿ ನಿಂತಿವೆ. ಬಿಸಿಲು ಕೆಳಗೆ ಇಳಿಯುವುದೇ ಇಲ್ಲ. ಕೊಂಬೆಯಲ್ಲಿ ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತಾಡುವುದು ಕಾಯಿ ಅಲ್ಲ, ಸಸಿ. ಬೀಜ ಮರದಲ್ಲೇ ಮೊಳೆಯುತ್ತದೆ. ಬಲಿತ ಮೇಲೆ ಬಿದ್ದು, ಇಳಿತ ಇದ್ದರೆ ಅಲ್ಲೇ ಕೆಸರಿಗೆ ಚುಚ್ಚಿಕೊಳ್ಳುತ್ತದೆ. ಭರತ ಇದ್ದರೆ ತೇಲಿಕೊಂಡು ಹೋಗಿ ಬೇರೆಲ್ಲೋ ಬೇರು ಬಿಡುತ್ತದೆ. ಕಿತ್ತು ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ಕೀಳಬೇಡಿ. ಕೆಸರಿನಲ್ಲಿ ತೆವಳುವ ಮೀನು ಕಂಡರೆ ಆಶ್ಚರ್ಯ ಬೇಡ. ಅದು ಎದೆಯ ರೆಕ್ಕೆಯನ್ನೇ ಕಾಲು ಮಾಡಿಕೊಂಡು ಬೇರಿನ ಮೇಲೂ ಹತ್ತುತ್ತದೆ.

ಫೋಟೋಕ್ಕಾಗಿ ಜನ ಬರುವುದು ಸಂಜೆಗೆ. ನನಗೆ ಸಂಜೆ ಬೇಡ. ಐದರ ಮೇಲೆ ನುಸಿ ಶುರು, ಕಿವಿಯೊಳಗೆ, ಮೂಗಿನೊಳಗೆ. ಉದ್ದ ತೋಳಿನ ಅಂಗಿ, ಹಿಂದೆ ಪಟ್ಟಿ ಇರುವ ಚಪ್ಪಲಿ, ಒಂದು ಜೊತೆ ಬಟ್ಟೆ ಹೆಚ್ಚು ಇರಲಿ. ಬೈನಾಕ್ಯುಲರ್ ಇದ್ದರೆ ಮಿಂಚುಳ್ಳಿ, ಗರುಡ, ಬೆಳ್ಳಕ್ಕಿ ಹತ್ತಿರದಿಂದ ಸಿಗುತ್ತವೆ. ಶೌಚಾಲಯ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲೇ ಮುಗಿಸಿ, ಹೊಳೆಬದಿಯಲ್ಲಿ ಹುಡುಕಬೇಡಿ. ಮಳೆಗಾಲದಲ್ಲಿ ಕಯಾಕ್ ಆಗಲಿ, ಹಲಗೆದಾರಿ ಆಗಲಿ, ತೆರೆದಿದೆಯಾ ಅಂತ ಕೇಳಿಯೇ ಹೊರಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ಮೇಲೆ ಸೆಕೆ ತಡೆಯುವುದಿಲ್ಲ.

ಹೊತ್ತಿದ್ದವರು ಇನ್ನೂ ಉತ್ತರಕ್ಕೆ ಹೋಗಬಹುದು. ಕುಮಟಾ ಬದಿಯ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕಾರವಾರದಲ್ಲಿ ಕಾಳಿ ನದಿಯ ಕಾಂಡ್ಲಾ ನಡುವೆಯೂ ಹಲಗೆದಾರಿ ಇದೆ. ಒಂದೇ ದಿನ ಇರುವವರು ಹೊನ್ನಾವರ ಬಿಟ್ಟುಬಿಡಿ. ಸಾಲಿಗ್ರಾಮ, ಕೆಮ್ಮಣ್ಣು ಎರಡೇ ಸಾಕು, ಮಂಗಳೂರಿನವರು ರಾತ್ರಿ ಊಟಕ್ಕೆ ಮನೆ ಸೇರಬಹುದು. ಭರತ ಮಧ್ಯಾಹ್ನಕ್ಕಿದ್ದರೆ ಮೊದಲು ಕೆಮ್ಮಣ್ಣು, ಆಮೇಲೆ ಸಾಲಿಗ್ರಾಮ.